ಅವರಿಗಿದೆ, ನನಗಿಲ್ಲ: ಇದು ಹೇಗೆ?

ಪ್ರಶ್ನೆ: ಮದುವೆಯಾಗಿ ಆರು ವರ್ಷ, ನಾಲ್ಕು ವರ್ಷದ ಮಗಳಿದ್ದಾಳೆ. ಹೋದ ತಿಂಗಳು ಯಜಮಾನರಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಯಿತು. ಆಗಲೇ ಮಾಡಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿಯೂ ಇದೆ ಅಂದರು. ನನ್ನದು ನೆಗೆಟಿವ್. "ಹೆಂಡತಿಗೇ ಇಲ್ಲ, ಅವನಿಗೆಲ್ಲಿಂದ ಬರುತ್ತೆ? ರಿಪೋರ್ಟೇ ಸುಳ್ಳು" ಅಂತಾರೆ ಅತ್ತೆ. ನನಗೋ, ಇವತ್ತಲ್ಲ ನಾಳೆ ಬಂದೇ ಬರುತ್ತೆ ಅನ್ನುವ ಭಯ. ಅವರ ತಟ್ಟೆ-ಲೋಟ ಬೇರೆ ಇಟ್ಟಿದ್ದೇನೆ. ಮಗಳ ಗತಿ ಏನು?
– ಹೆಸರು ಬೇಡ

ಉತ್ತರ: ಮೊದಲು ಮಗಳ ಮಾತು. ತಂದೆಯಿಂದ ಮಗುವಿಗೆ ಎಚ್‌ಐವಿ ನೇರವಾಗಿ ಹೋಗುವುದಿಲ್ಲ. ತಾಯಿಗೆ ಸೋಂಕಿದ್ದರೆ ಬಸಿರು, ಹೆರಿಗೆ, ಎದೆಹಾಲಿನಲ್ಲಿ ಹೋಗಬಹುದು. ನಿಮ್ಮದು ನೆಗೆಟಿವ್. ಮಗಳಿಗೆ ಈಗ ತುರ್ತಾಗಿ ಬೇಕಾದದ್ದು ಟಿಬಿ ತಪಾಸಣೆ. ಅದನ್ನು ಈ ವಾರವೇ ಮಾಡಿಸಿ.

ಅತ್ತೆಯವರ ವಾದ ಸರಿಯಲ್ಲ. ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಬೇರೆ ಬೇರೆ ಕಿಟ್‌ಗಳಿಂದ ಮರಳಿ ನೋಡದೆ ಪಾಸಿಟಿವ್ ಅಂತ ಬರೆಯುವುದಿಲ್ಲ. ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದ ದಂಪತಿಗಳು ಎಷ್ಟೋ ಮಂದಿ. ಸೋಂಕಿರುವ ಗಂಡನಿಂದ ಹೆಂಡತಿಗೆ, ಕಾಂಡೋಮ್ ಇಲ್ಲದ ಸಾಮಾನ್ಯ ಸಂಭೋಗದಲ್ಲಿ, 10,000 ಸಲಕ್ಕೆ ಸುಮಾರು 8 ಸಲ ಸೋಂಕು ದಾಟಬಹುದೆಂಬ ಅಂದಾಜಿದೆ. ಅಷ್ಟೇನಾ ಅಂತ ಹಗುರಾಗಬೇಡಿ. ಅದು ಸರಾಸರಿ, ಆ 8 ಸಲದಲ್ಲಿ ಒಂದು ಮೊದಲ ರಾತ್ರಿಯೇ ಇರಬಹುದು. ಸೋಂಕು ತಗುಲಿದ ಮೊದಲ ವಾರಗಳಲ್ಲಿ, ಮತ್ತೆ ಚಿಕಿತ್ಸೆಯಿಲ್ಲದೆ ಕಾಯಿಲೆ ಬಲಿತಾಗ, ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಇಬ್ಬರಲ್ಲಿ ಯಾರಿಗೇ ಗುಪ್ತರೋಗದ ಹುಣ್ಣಿದ್ದರೂ ಅದಕ್ಕೆ ದಾರಿ ಸಲೀಸು. ಗುದಸಂಭೋಗದಲ್ಲಂತೂ ಅಪಾಯ ಹತ್ತು ಪಟ್ಟಿಗೂ ಮೀರಿದ್ದು. ನಿಮ್ಮವರಿಗೆ ಟಿಬಿ ಕಾಣಿಸಿಕೊಂಡಿರುವುದರಿಂದ ವೈರಸ್ ಹೆಚ್ಚಿರುವ ಸಂಭವವೇ ಜಾಸ್ತಿ. ಆರು ವರ್ಷ ಏನೂ ಆಗಲಿಲ್ಲ ಅನ್ನುವ ಲೆಕ್ಕವೂ ಬೇಡ. ಅವರಿಗೆ ಎಂದು ಬಂತೆಂದು ಈ ಪರೀಕ್ಷೆ ಹೇಳುವುದಿಲ್ಲ. ಯಾರಿಂದ ಬಂತು ಅನ್ನುವುದು ನಿಮ್ಮಿಬ್ಬರ ನಡುವಿನ ಮಾತು. ಆಡಲೇಬೇಕು, ಆದರೆ ಅವರ ಜ್ವರ ಇಳಿಯಲಿ.

ಕಾಂಡೋಮ್ ಇಲ್ಲದೆ ಕೊನೆಯ ಸಲ ಸೇರಿ ಮೂರು ತಿಂಗಳಾದ ಮೇಲೆ ನೀವು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಸೇರಿ 72 ಗಂಟೆ ದಾಟಿಲ್ಲವಾದರೆ ಇದನ್ನು ಓದುತ್ತಾ ಕೂರಬೇಡಿ, ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೊರಡಿ. ಸೋಂಕು ತಡೆಯುವ ಮಾತ್ರೆಯನ್ನು 28 ದಿನ ಕೊಡುತ್ತಾರೆ.

ಇನ್ನು 'ಬಂದೇ ಬರುತ್ತೆ' ಅನ್ನುವ ಭಯ. ಎಆರ್‌ಟಿ ಕೇಂದ್ರದಲ್ಲಿ ಯಜಮಾನರಿಗೆ ಮಾತ್ರೆ ಉಚಿತ. ಒಂದು ದಿನವೂ ತಪ್ಪಿಸದೆ ನುಂಗಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿಯುತ್ತದೆ. ಹಾಗೇ ಉಳಿದರೆ ಸಂಭೋಗದಿಂದ ಸೋಂಕು ದಾಟುವುದಿಲ್ಲ. ಯುರೋಪಿನ 'ಪಾರ್ಟನರ್' ಅಧ್ಯಯನ 2016ರಲ್ಲಿ ಇದನ್ನೇ ಹೇಳಿತು: ಇಂಥ ದಂಪತಿ-ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರು, ಸಂಗಾತಿಯಿಂದ ದಾಟಿದ ಒಂದೂ ಸೋಂಕು ಸಿಗಲಿಲ್ಲ. ವೈರಸ್ ಪತ್ತೆಯಾಗುತ್ತಿಲ್ಲ ಅನ್ನುವ ವೈರಲ್ ಲೋಡ್ ವರದಿ ಕೈಗೆ ಬರುವ ತನಕ ಮಾತ್ರ ಕಾಂಡೋಮ್ ಬಿಡಬೇಡಿ. ಎರಡನೇ ಮಗುವಿನ ಆಸೆಯಿದ್ದರೆ ಆ ವರದಿ ಹಿಡಿದು ವೈದ್ಯರ ಹತ್ತಿರ ಮಾತಾಡಿ.

ತಟ್ಟೆ-ಲೋಟದಿಂದ ಎಚ್‌ಐವಿಯೂ ಬರುವುದಿಲ್ಲ, ಟಿಬಿಯೂ ಬರುವುದಿಲ್ಲ. ಟಿಬಿ ಬರುವುದು ಕೆಮ್ಮಿದ ಗಾಳಿಯಿಂದ; ಅದಕ್ಕೆ ಕಿಟಕಿ ತೆರೆದಿಡಿ, ಅವರು ಮಾಸ್ಕ್ ಹಾಕಿಕೊಳ್ಳಲಿ. ಊಟಕ್ಕೆ ಎಲ್ಲರ ತಟ್ಟೆಯ ಜೊತೆಗೇ ಅವರದನ್ನೂ ಇಡಿ. ಮತ್ತೇನಾದರೂ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅಲ್ಲಿಯೂ ಹೆಸರು ಹೇಳಬೇಕಿಲ್ಲ.