ಮನೆಯೊಳಗಿನ ಇತಿಹಾಸ

ಇತಿಹಾಸದ ಪಾಠವೆಂದೊಡನೆ ಅನೇಕ ಮಕ್ಕಳ ಮುಖ ಬಾಡುವುದುಂಟು. ಅರಸರ ಹೆಸರುಗಳು, ಯುದ್ಧಗಳ ಇಸವಿಗಳು, ಒಪ್ಪಂದಗಳ ಷರತ್ತುಗಳು ಒಂದರ ಹಿಂದೊಂದು ಸಾಲುಗಟ್ಟಿ ಬಂದು, ಪರೀಕ್ಷೆ ಮುಗಿದ ಮರುದಿನವೇ ನೆನಪಿನಿಂದ ಜಾರಿಹೋಗುತ್ತವೆ. ಅದೇ ಮಕ್ಕಳು ಸಂಜೆ ಅಜ್ಜಿಯ ಮಗ್ಗುಲಲ್ಲಿ ಕುಳಿತರೆ, “ನೀನು ಚಿಕ್ಕವಳಾಗಿದ್ದಾಗ ಈ ಊರು ಹೇಗಿತ್ತು?” ಎಂದು ಕೇಳದೆ ಬಿಡುವುದಿಲ್ಲ. ಕಳೆದ ಕಾಲವನ್ನು ತಿಳಿಯಬೇಕೆಂಬ ಹಂಬಲ ಮಕ್ಕಳಲ್ಲಿ ಸಹಜವಾಗಿಯೇ ಇದೆ. ಅದಕ್ಕೆ ಮನೆಯಲ್ಲಿ ಆಸರೆ ದೊರೆತರೆ ಶಾಲೆಯ ಪುಸ್ತಕವೂ ಹಗುರವಾಗುತ್ತದೆ.

1928ರ ಬೇಸಿಗೆಯಲ್ಲಿ ಹತ್ತು ವರ್ಷದ ಬಾಲಕಿ ಇಂದಿರೆ ಮಸ್ಸೂರಿಯ ಗಿರಿಧಾಮದಲ್ಲಿದ್ದಳು. ಆಕೆಯ ತಂದೆ ಜವಾಹರಲಾಲ್ ನೆಹರೂ ಬಯಲು ಸೀಮೆಯ ಅಲಹಾಬಾದಿನಲ್ಲಿದ್ದರು. ದೂರವಿದ್ದ ಮಗಳಿಗೆ ಅವರು ಪತ್ರಗಳನ್ನು ಬರೆದರು. ಮರುವರ್ಷ ಅವು ಪುಸ್ತಕವಾಗಿ ಹೊರಬಂದವು. ಆ ಪತ್ರಗಳು ಯಾವ ಅರಸನ ಪಟ್ಟಾಭಿಷೇಕದಿಂದಲೂ ಮೊದಲಾಗುವುದಿಲ್ಲ. ದಾರಿಯ ಬದಿಯಲ್ಲಿ ಬಿದ್ದಿರುವ ಒಂದು ನುಣುಪಾದ ಬೆಣಚುಕಲ್ಲನ್ನು ನೋಡು ಎನ್ನುತ್ತಾರೆ ತಂದೆ. ಅದು ಇಷ್ಟು ಉರುಟಾದದ್ದು ಹೇಗೆ? ಒಂದು ಕಾಲಕ್ಕೆ ಅದು ಬೆಟ್ಟದ ಬಂಡೆಯಿಂದ ಸಿಡಿದ, ಚೂಪಾದ ಅಂಚುಗಳಿದ್ದ ಚೂರು. ಮಳೆಯ ನೀರು ಅದನ್ನು ತೊರೆಗೆ ತಳ್ಳಿತು, ತೊರೆ ಹೊಳೆಗೆ ಒಯ್ದಿತು, ಉರುಳಿ ಉರುಳಿ ಅದರ ಮೊನೆಗಳು ಸವೆದವು. ಬರಹವೇ ಇಲ್ಲದಿದ್ದ ಕಾಲದ ಚರಿತ್ರೆಯನ್ನೂ ಹೀಗೆ ಓದಬಹುದೆಂದು ಮಗಳಿಗೆ ಅರಿವಾಗುವುದು ಅಲ್ಲಿಂದಲೇ. ಮುಂದೆ 1930ರಿಂದ 1933ರವರೆಗೆ ಅವರು ಸೆರೆಮನೆಗಳಿಂದ ಬರೆದ ಪತ್ರಗಳಲ್ಲಿ ಪ್ರಪಂಚದ ಇತಿಹಾಸವೇ ಹರಡಿಕೊಂಡಿತು. ದೊಡ್ಡ ಪುಸ್ತಕ ಭಂಡಾರ ಅವರ ಕೈಗೆ ಎಟುಕುವಂತಿರಲಿಲ್ಲ. ಓದುವಾಗ ಬರೆದಿಟ್ಟುಕೊಂಡ ಟಿಪ್ಪಣಿಗಳೇ ಅವರಿಗೆ ಆಧಾರವಾಗಿದ್ದವು. ಆ ಪತ್ರಗಳ ಕೆಲವು ಮಾತುಗಳನ್ನು ಮುಂದಿನ ಸಂಶೋಧನೆ ತಿದ್ದಿದೆ ಎಂಬುದು ನಿಜ. ಆದರೆ ಬೆಣಚುಕಲ್ಲನ್ನು ಕುರಿತು ಕೇಳಿದ ಪ್ರಶ್ನೆ ಹಳತಾಗಿಲ್ಲ.

ಎಲ್ಲ ಮನೆಗಳಲ್ಲಿಯೂ ನೆಹರೂ ಅವರಂಥ ತಂದೆ ಇರುವುದಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಅಂಥ ಪ್ರಶ್ನೆಗೆ ಈಡಾಗುವ ವಸ್ತುಗಳು ಮಾತ್ರ ಬಡವರ ಗುಡಿಸಲಿನಲ್ಲಿಯೂ ಇವೆ.

“ಹದಿನಾರಾಣೆ ಸತ್ಯ” ಎಂಬ ಮಾತು ಹಿರಿಯರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಹದಿನಾರೇ ಏಕೆ, ಇಪ್ಪತ್ತೇಕಲ್ಲ ಎಂದು ಮಗುವೊಂದು ಕೇಳಿತೆಂದರೆ ಇತಿಹಾಸದ ಬಾಗಿಲು ತೆರೆಯಿತೆಂದೇ ಅರ್ಥ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಆದುದರಿಂದ ಹದಿನಾರಾಣೆ ಎಂದರೆ ಒಂದಿಷ್ಟೂ ಕಡಿಮೆಯಾಗದ, ಪೂರ್ಣವಾದ ರೂಪಾಯಿ. ಆಣೆ ಹೋಯಿತು, ಇಪ್ಪತ್ತೈದು ಪೈಸೆಯ ನಾಣ್ಯವನ್ನು ಜನ ಬಹುಕಾಲ ನಾಲ್ಕಾಣೆ ಎಂದೇ ಕರೆದರು, 2011ರಲ್ಲಿ ಆ ನಾಣ್ಯವೂ ಚಲಾವಣೆಯಿಂದ ಹೋಯಿತು, ಮಾತು ಮಾತ್ರ ಉಳಿಯಿತು. ಇಂದು ಎಲ್ಲ ಬಗೆಯ ಸಂಪತ್ತಿಗೂ ಹೇಳುವ ‘ಹಣ’ ಒಂದು ಕಾಲದಲ್ಲಿ ಚಿಕ್ಕ ಚಿನ್ನದ ನಾಣ್ಯದ ಹೆಸರು. ಹದಿನೇಳನೆಯ ಶತಮಾನದಲ್ಲಿ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣ ಪ್ರಸಿದ್ಧವಾದದ್ದು. ‘ದುಡ್ಡು’ ತಾಮ್ರದ ನಾಣ್ಯ. ಅಜ್ಜನ ಪೆಟ್ಟಿಗೆಯ ತಳದಲ್ಲಿ ಸವೆದ ನಾಣ್ಯವೊಂದು ದೊರೆತರೆ, ಅದರ ಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದಕಡ್ಡಿಯನ್ನು ಮೃದುವಾಗಿ ಉಜ್ಜಿದಾಗ, ಕಣ್ಣಿಗೆ ಸರಿಯಾಗಿ ಕಾಣದಿದ್ದ ಅಕ್ಷರಗಳು ಕಾಗದದ ಮೇಲೆ ಮೂಡುವುದುಂಟು. ಶಾಸನ ತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹೊಂದಿಸಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದೂ ಹೆಚ್ಚುಕಡಿಮೆ ಇದೇ ಉಪಾಯದಿಂದ. ಈ ಕೆಲಸದಲ್ಲಿ ಮಗ್ನವಾದ ಮಗುವನ್ನು ಊಟಕ್ಕೆ ಎಬ್ಬಿಸುವುದು ಸುಲಭವಲ್ಲ!

ಕೆಲವು ಹಳೆಯ ಮನೆಗಳ ಅಟ್ಟದ ಮೇಲೆ ಕಡತಗಳು ಇರುವುದುಂಟು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಗಳಿವು. ಭತ್ತದ ಲೆಕ್ಕ, ಸಾಲದ ಲೆಕ್ಕ, ಮದುವೆಯ ಖರ್ಚು ಇವುಗಳಲ್ಲಿ ಅಡಗಿರಬಹುದು. ಅಂಥದೊಂದರಲ್ಲಿ ‘ಪ್ರಭವ ಸಂವತ್ಸರ’ ಎಂದು ಬರೆದಿದ್ದರೆ ಅದು ಯಾವ ವರ್ಷ? ಸಂವತ್ಸರಗಳು ಅರವತ್ತು, ಚಕ್ರದಂತೆ ಮರಳಿ ಮರಳಿ ಬರುತ್ತವೆ. 1987ರ ಯುಗಾದಿಗೆ ಪ್ರಭವ ಬಂದಿತ್ತು. ಅದಕ್ಕೆ ಹಿಂದೆ 1927ರಲ್ಲಿ, ಅದಕ್ಕೂ ಹಿಂದೆ 1867ರಲ್ಲಿ. ಪಕ್ಕದಲ್ಲಿ ಶಕ ವರ್ಷ 1849 ಎಂದಿದ್ದರೆ ಎಪ್ಪತ್ತೆಂಟನ್ನು ಕೂಡಿಸಿ 1927 ಎಂದು ನಿಶ್ಚಯಿಸಬಹುದು. ಇಲ್ಲದಿದ್ದರೆ ಲೆಕ್ಕದಲ್ಲಿ ಬರುವ ಜನರ ಹೆಸರುಗಳನ್ನು ವಂಶವೃಕ್ಷದೊಡನೆ ಹೋಲಿಸಿ ನೋಡಬೇಕು. ಅಪ್ಪನೂ ಮಗಳೂ ಜೊತೆಯಾಗಿ ಇಂಥ ತೊಡಕನ್ನು ಬಿಡಿಸುವಾಗ ಇಬ್ಬರಲ್ಲಿ ಗುರು ಯಾರು, ಶಿಷ್ಯರು ಯಾರು ಎಂಬ ಭೇದ ಉಳಿಯುವುದಿಲ್ಲ. ದುರ್ದೈವದಿಂದ, ಓದಲು ಬಾರದ ಕಸವೆಂದು ನೀರೊಲೆಗೆ ಬಿದ್ದ ಕಡತಗಳೂ ಉಂಟು.

ಮಕ್ಕಳಿಗೆ ರುಚಿಸಲೆಂದು ಹಿರಿಯರು ಕಥೆಗೆ ಉಪ್ಪುಕಾರ ಹಚ್ಚುವುದು ಸಹಜ. ತಮ್ಮ ಮುತ್ತಜ್ಜ ಹುಲಿಯನ್ನು ಬರಿಗೈಯಲ್ಲಿ ಕೊಂದನೆಂದು ಹೇಳದ ವಂಶವೇ ಅಪರೂಪ. ಕಥೆಯಾಗಿ ಅದನ್ನು ಕೇಳಿ ನಲಿಯಬಹುದು, ಇತಿಹಾಸವೆಂದು ಒಪ್ಪುವ ಮುನ್ನ, “ಇದು ನಿನಗೆ ಹೇಗೆ ಗೊತ್ತು ಅಜ್ಜ?” ಎಂದು ಕೇಳುವ ಸಲಿಗೆ ಮೊಮ್ಮಗನಿಗೆ ಇರಬೇಕು. ಅಂಥ ಪ್ರಶ್ನೆಯನ್ನು ಅವಿಧೇಯತೆಯೆಂದು ಗದರಿಸುವ ಮನೆಯಲ್ಲಿ ಇತಿಹಾಸ ಬೆಳೆಯಲಾರದು. ನೆನಪು ಎಷ್ಟು ಬೇಗ ಕವಲೊಡೆಯುತ್ತದೆಂಬುದನ್ನು ಮಕ್ಕಳು ತಮ್ಮಲ್ಲಿಯೇ ಪರೀಕ್ಷಿಸಬಹುದು. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ದೇಶವೇ ಬಾಗಿಲು ಮುಚ್ಚಿದಾಗ ಮನೆಯಲ್ಲಿ ಯಾರು ಯಾರು ಇದ್ದರು, ಏನು ಉಂಡರು ಎಂಬುದನ್ನು ಮನೆಯ ನಾಲ್ವರು ಬೇರೆ ಬೇರೆಯಾಗಿ ಬರೆದು ಹೋಲಿಸಿದರೆ ನಾಲ್ಕೂ ಒಂದೇ ಆಗಿರುವುದಿಲ್ಲ. ಒಂದೇ ಯುದ್ಧವನ್ನು ಗೆದ್ದವರೂ ಸೋತವರೂ ಬೇರೆ ಬೇರೆಯಾಗಿ ಬರೆದಿಡುವುದು ಹೇಗೆಂದು ಆಗ ಯಾರೂ ವಿವರಿಸಬೇಕಾಗಿಲ್ಲ.

ನಿಜವಾದ ಸಂಗತಿಯೇ ಕಟ್ಟುಕಥೆಗಿಂತ ರಮ್ಯವಾಗಿರುವ ಸಂದರ್ಭಗಳೂ ಇಲ್ಲದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಸುಮಾರು ಕ್ರಿ.ಶ. 950ರಲ್ಲಿ ಅಲ್ಲಿ ನಿಲ್ಲಿಸಿದ ಒಂದು ಕಲ್ಲು, ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ನಿಂತ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಹೇಳುತ್ತದೆ. ಪಠ್ಯಪುಸ್ತಕಗಳಿಗೆ ಬೇಕಾದ ಭಾಗ ಅದು. ಮಕ್ಕಳಿಗೆ ಬೇಕಾದದ್ದು ಅದೇ ಕಲ್ಲಿನ ಇನ್ನೊಂದು ಭಾಗ. ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ಬೇಕಾದುದನ್ನು ಕೇಳೆಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೊಮ್ಮೆ ಆ ನಾಯಿ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿಯು ಉಣ್ಣಬಾರದೆಂದು ಕಟ್ಟಳೆ ಮಾಡಿದನು. ಸಾವಿರ ವರ್ಷಗಳ ಹಿಂದಿನ ಯೋಧನೊಬ್ಬನು ತನ್ನ ನಾಯಿಗಾಗಿ ದುಃಖಿಸಿದನೆಂದು ಕೇಳಿದ ಮಗುವಿಗೆ ಗಂಗರು ಪರಕೀಯರಾಗಿ ಉಳಿಯುವುದಿಲ್ಲ.

ಕನ್ನಡ ನಾಡಿನ ಅನೇಕ ಊರುಗಳಲ್ಲಿ ವೀರಗಲ್ಲುಗಳಿವೆ. ಹಳಗನ್ನಡದ ಅಕ್ಷರ ತಿಳಿಯದವರೂ ಅವುಗಳ ಚಿತ್ರವನ್ನು ಓದಬಲ್ಲರು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಹೋರಾಟದ ಪಕ್ಕದಲ್ಲಿ ದನಗಳಿದ್ದರೆ ತುರುಗಳನ್ನು ಬಿಡಿಸಲು ಹೋಗಿ ಮಡಿದವನೆಂದು ಊಹಿಸಬಹುದು. ಇಂಥ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ, ಹಳ್ಳಕ್ಕೆ ಹಾಸಿದ ಚಪ್ಪಡಿಗಳಾಗಿ ಸವೆದುಹೋಗಿವೆ. ಭಾನುವಾರ ಮಕ್ಕಳ ಕೈ ಹಿಡಿದು ಹೋಗಿ ಅವುಗಳನ್ನು ತೋರಿಸುವ ತಾಯಿತಂದೆಯರು ಸುಣ್ಣವನ್ನೋ ಬಣ್ಣವನ್ನೋ ಬಳಿಯಗೊಡದಿದ್ದರೆ ಸಾಕು. ಪುಸ್ತಕದಲ್ಲಿ ನೋಡಿದಂತೆ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.

ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅಲ್ಲಿ ಅದರ ಮುಂದೆ ಪೂಜೆಯಿಲ್ಲ. ನೋಡುವವರು ಸಾಮಾನ್ಯವಾಗಿ ಒಂದು ಕ್ಷಣ ನಿಂತು ಮುಂದಕ್ಕೆ ಸರಿಯುತ್ತಾರೆ. ಮಣಲೇರನ ಕಥೆಯನ್ನು ಮನೆಯಲ್ಲಿ ಕೇಳಿ ಬಂದ ಮಗು ಮಾತ್ರ ಹಾಗೆ ಸರಿಯುವುದಿಲ್ಲ. ಅದು ಅಕ್ಷರಗಳ ಸಾಲುಗಳನ್ನು ದಾಟಿ, ಮೈಯುಬ್ಬಿಸಿ ನಿಂತ ಹಂದಿಯನ್ನೂ ಅದರ ಮೇಲೆ ಎರಗಿದ ಕಾಳಿಯನ್ನೂ ಹುಡುಕುತ್ತದೆ.