ಶಾಯಿ ಪೆನ್ನಿಗೆ ಯಾವ ನೋಟ್‌ಬುಕ್? – ಒಂದು ಚಟುವಟಿಕೆ ಪಾಠ

ತರಗತಿ: 8. ವಿಷಯ: ವಿಜ್ಞಾನ, ಗಣಿತ. ಅವಧಿ: 40 ನಿಮಿಷ.

ಉದ್ದೇಶ: ಕಾಗದದಲ್ಲಿ ಶಾಯಿ ಹರಡುವ ಕಾರಣ ತಿಳಿದು, ಕಡಿಮೆ ಖರ್ಚಿನ ಒಳ್ಳೆಯ ನೋಟ್‌ಬುಕ್ಕನ್ನು ಮಕ್ಕಳೇ ಪರೀಕ್ಷಿಸಿ ಆರಿಸುವುದು.

ಚಟುವಟಿಕೆ: ಪ್ರತಿ ಗುಂಪಿಗೆ ಮೂರು ಬಗೆಯ ಹಾಳೆ, ಒಂದೇ ಪೆನ್ನು ಕೊಡಿ. ಎಲ್ಲದರ ಮೇಲೂ ಒಂದೇ ವಾಕ್ಯ ಬರೆಯಲಿ; ಕೊನೆಯಲ್ಲಿ ನಿಬ್ಬನ್ನು ಐದು ಎಣಿಸುವವರೆಗೆ ಊರಿ ಹಿಡಿಯಲಿ. ಅಕ್ಷರದ ಅಂಚು ಹರಡಿತೇ? ಹಿಂಬದಿಗೆ ಶಾಯಿ ಇಳಿಯಿತೇ?

ವಿವರಣೆ: ಕಾಗದದ ನಾರುಗಳ ನಡುವಿನ ಸಂದುಗಳು ಲೋಮನಾಳಗಳಂತೆ ಶಾಯಿಯನ್ನು ಎಳೆದುಕೊಳ್ಳುತ್ತವೆ. ತಯಾರಿಕೆಯಲ್ಲಿ ಪಿಷ್ಟ ಮೊದಲಾದವನ್ನು ಸೇರಿಸಿದರೆ ಹೀರಿಕೆ ತಗ್ಗುತ್ತದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಅದೊಂದನ್ನೇ ನಂಬುವಂತಿಲ್ಲ: ಬ್ಲಾಟಿಂಗ್ ಪೇಪರ್ ದಪ್ಪವಿದ್ದರೂ ಶಾಯಿ ಹೀರುತ್ತದೆ.

ಲೆಕ್ಕ: 200 ಪುಟದ ಎರಡು ಪುಸ್ತಕಗಳ ಬೆಲೆ 40 ಮತ್ತು 60 ರೂ. ಎಂದುಕೊಳ್ಳೋಣ. ಮೊದಲನೆಯದರಲ್ಲಿ ಹಾಳೆಯ ಒಂದೇ ಬದಿ ಬಳಕೆಗೆ ಬಂದರೆ ಪುಟಕ್ಕೆ 40 ಪೈಸೆ. ಎರಡು ಬದಿಯೂ ಬರೆಯಬಹುದಾದ ಎರಡನೆಯದಕ್ಕೆ 30 ಪೈಸೆ. ಅಗ್ಗ ಯಾವುದೆಂದು ಮಕ್ಕಳೇ ಹೇಳಲಿ.

ಸೂಚನೆ: ಯಾವ ಮಗುವಿನ ಪುಸ್ತಕವನ್ನೂ ಹೀಯಾಳಿಸಬಾರದು. ಹೀರುವ ಕಾಗದಕ್ಕೆ ಸಣ್ಣ ನಿಬ್ಬು ಬಳಸಿದರೆ ಹರಡುವುದು ಕಡಿಮೆ.

ಮನೆಗೆಲಸ: ಜೂನ್‌ನಲ್ಲಿ ಡಜನ್ ಕೊಳ್ಳುವ ಮುನ್ನ ಒಂದೇ ಪುಸ್ತಕ ತಂದು, ಕೊನೆಯ ಹಾಳೆಯಲ್ಲಿ ಬರೆದು ನೋಡುವಂತೆ ಮನೆಯವರಿಗೆ ತಿಳಿಸಿ.