ಉಳುಕಿಗೆ ಮನೆಯಲ್ಲಿ ಮಾಡತಕ್ಕ ಉಪಚಾರ

ಹೊಲದ ಬದುವಿನಲ್ಲಿ ಜಾರಿ, ಬಾವಿಯ ಮೆಟ್ಟಲಿನಲ್ಲಿ ಹೆಜ್ಜೆ ತಪ್ಪಿ, ಇಲ್ಲವೆ ಹೊರೆ ಹೊತ್ತು ಬರುವಾಗ ಕಲ್ಲು ಎಡವಿ ಕಾಲನ್ನು ಉಳುಕಿಸಿಕೊಳ್ಳದವರು ಹಳ್ಳಿಗಳಲ್ಲಿ ವಿರಳ. ಇದು ಪ್ರಾಣ ತೆಗೆಯುವ ವ್ಯಾಧಿಯಲ್ಲವೆಂದು ಅನೇಕರು ಅಲಕ್ಷ್ಯಮಾಡುತ್ತಾರೆ. ಆದರೆ ದಿನಗೂಲಿಯಿಂದ ಜೀವಿಸುವವನಿಗೆ ಕಾಲೇ ಬಂಡವಾಳವಾಗಿರುವದರಿಂದ, ಎರಡು ವಾರಗಳಲ್ಲಿ ಗುಣವಾಗಬೇಕಾದ ಉಳುಕು ತಪ್ಪು ಉಪಚಾರದಿಂದ ತಿಂಗಳುಗಟ್ಟಲೆ ಎಳೆದರೆ ಮನೆಮಂದಿಯೆಲ್ಲಾ ಕಷ್ಟಕ್ಕೆ ಗುರಿಯಾಗುವರು.

ನರದ ಮೇಲೆ ನರ ಹತ್ತಿದೆ ಎಂದು ಜನರು ಹೇಳುವದುಂಟು. ಅದು ಹಾಗಲ್ಲ. ಕೀಲಿನಲ್ಲಿ ಎಲುಬನ್ನು ಎಲುಬಿಗೆ ಬಿಗಿದಿರುವ ನಾರಿನಂಥ ಕಟ್ಟುಗಳಿರುತ್ತವೆ. ಇವುಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಪಾದವು ಒಳಗಡೆಗೆ ಮಡಿಚಿಕೊಂಡಾಗ ಹೊರಮಗ್ಗುಲಿನ ಕಟ್ಟು ಹಿಗ್ಗಿ, ಅದರ ಎಳೆಗಳು ಹರಿಯುತ್ತವೆ. ಇದೇ ಉಳುಕು. ಭಾರ ಎತ್ತುವಾಗ ತೊಡೆಯ ಅಥವಾ ಬೆನ್ನಿನ ಮಾಂಸಖಂಡದ ಎಳೆಗಳು ಹರಿದರೆ ಅದು ಬೇರೆ, ಆದರೂ ಉಪಚಾರವು ಹೆಚ್ಚುಕಡಿಮೆ ಒಂದೇ. ಎಳೆ ಹರಿದಿರುವಾಗ ಅದನ್ನು ಬಲವಾಗಿ ತಿಕ್ಕುವದರಿಂದ ಯಾವದೂ ತನ್ನ ಸ್ಥಳಕ್ಕೆ ಮರಳಿ ಬಾರದು. ಒಳಗಿನ ರಕ್ತಸ್ರಾವವೂ ಬಾವೂ ಹೆಚ್ಚುವವು. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವ ಪದ್ಧತಿಯೂ ಇಂಥದ್ದೇ.

ಮೊದಲು ಎಲುಬು ಮುರಿದಿದೆಯೋ ಎಂದು ನೋಡತಕ್ಕದ್ದು. ಕಾನಡಾ ದೇಶದ ಒಟ್ಟಾವಾ ಪಟ್ಟಣದ ವೈದ್ಯರು 1992ರಲ್ಲಿ ಇದಕ್ಕೆ ಸುಲಭವಾದ ಪರೀಕ್ಷೆಯನ್ನು ಪ್ರಕಟಿಸಿದರು. ಪೆಟ್ಟಾದ ಕೂಡಲೆಯೂ ಆಮೇಲೆಯೂ ನಾಲ್ಕು ಹೆಜ್ಜೆ ಊರಲಾರದಿದ್ದರೆ, ಇಲ್ಲವೆ ಕಾಲಿನ ಹರಡಿನ ಎರಡು ಮಗ್ಗುಲಿನ ಎಲುಬುಗಳಲ್ಲಿ ಯಾವದಾದರೊಂದರ ಹಿಂಬದಿಯನ್ನು ಕೆಳತುದಿಯಿಂದ 6 ಸೆಂಟಿಮೀಟರಿನ ವರೆಗೆ ಒತ್ತಿದಾಗ ಎಲುಬೇ ನೊಂದರೆ, ಎಕ್ಸ್‌ರೇ ತೆಗೆಯಿಸಬೇಕು. ಪಾದದ ಹೊರಅಂಚಿನ ನಡುವೆ ಉಬ್ಬಿರುವ ಎಲುಬಾಗಲಿ, ಒಳಮಗ್ಗುಲಿನ ನಡುಪಾದದ ಎಲುಬಾಗಲಿ ನೊಂದರೂ ಹಾಗೆಯೇ. ಕಾಲು ಸೊಟ್ಟಗಾಗಿದ್ದರೆ, ಬೆರಳುಗಳು ಜೋಮುಹಿಡಿದು ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಮೃದುಭಾಗವಿರುವದರಿಂದಲೂ, ಮುದುಕರ ಎಲುಬು ಟೊಳ್ಳಾಗಿರಬಹುದಾದದ್ದರಿಂದಲೂ ಇವರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು.

ಮುರಿದಿಲ್ಲವೆಂದು ಕಂಡರೆ ಮನೆಯಲ್ಲಿಯೇ ಉಪಚರಿಸಬಹುದು. ಮೊದಲಿನ ಎರಡು ಮೂರು ದಿವಸ ಬಿಸಿನೀರಿನ ಶಾಖ, ತಿಕ್ಕುವದು, ಮದ್ಯಪಾನ ಇವು ಮೂರೂ ಬೇಡ. ಬರ್ಫವನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷದಂತೆ ಎರಡು ಮೂರು ತಾಸಿಗೊಮ್ಮೆ ಇಡಬಹುದು. ಬರಿಯ ಚರ್ಮದ ಮೇಲೆ ಇಟ್ಟರೆ ಚರ್ಮ ಬೇಯುವದು. ಬರ್ಫ ಸಿಕ್ಕದಿದ್ದಲ್ಲಿ ಮಣ್ಣಿನ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸಾಕು. ವಿಶ್ರಾಂತಿ, ಬರ್ಫ, ಕಟ್ಟು, ಎತ್ತರ ಎಂಬ ನಾಲ್ಕನ್ನು 1978ರಲ್ಲಿ ಒಟ್ಟುಗೂಡಿಸಿ ಹೇಳಿದ ಅಮೇರಿಕದ ವೈದ್ಯನಾದ ಗೇಬ್ ಮರ್ಕಿನ್ ಎಂಬವನೇ 2014ರಲ್ಲಿ, ಬರ್ಫವು ನೋವನ್ನು ಕಡಿಮೆಮಾಡಿದರೂ ಗುಣವಾಗುವದನ್ನು ತಡಮಾಡಬಹುದೆಂದು ಬರೆದನು. ಆದಕಾರಣ ಅದನ್ನು ನೋವಿಗಾಗಿ ಮಾತ್ರ, ಮಿತವಾಗಿ ಉಪಯೋಗಿಸತಕ್ಕದ್ದು. ಅರಸಿನದ ಪಟ್ಟನ್ನು ಹಗುರವಾಗಿ ಹಚ್ಚುವದರಿಂದ ಹಾನಿಯಿಲ್ಲ, ಗಾಯವಿಲ್ಲದಿದ್ದರೆ.

ಕಟ್ಟುವದರಲ್ಲಿಯೇ ದೊಡ್ಡ ಅಪಾಯವಿದೆ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಆರಂಭಿಸಿ ಮೇಲಕ್ಕೆ ಸುತ್ತಬೇಕು. ಬೆರಳ ತುದಿಗಳು ಕಾಣುತ್ತಿರಬೇಕು. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿರಿ. ಬಿಳುಪಾದ ಉಗುರಿಗೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮರಳದಿದ್ದರೆ, ಇಲ್ಲವೆ ಬೆರಳು ನೀಲಿಯಾದರೆ, ನೋವು ಹೆಚ್ಚುತ್ತಾ ಹೋದರೆ, ಆ ಕ್ಷಣವೇ ಬಿಚ್ಚಿರಿ. ಬಿದಿರಿನ ದಬ್ಬೆಗಳಿಂದ ಬಲವಾಗಿ ಬಿಗಿಸಿಕೊಂಡು, ನೋವನ್ನು ಸಹಿಸಬೇಕೆಂಬ ಮಾತನ್ನು ನಂಬಿ, ರಕ್ತ ಹರಿಯದೆ ಕಾಲು ಕೊಳೆತು ಅದನ್ನು ಕತ್ತರಿಸಬೇಕಾದ ಸಂಗತಿಗಳು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕಂಡುಬರುತ್ತವೆ. ಕಟ್ಟಿದವನು ಎಷ್ಟು ಹೆಸರುಗೊಂಡವನಾದರೂ ಉಗುರನ್ನು ನೀವೇ ನೋಡಿಕೊಳ್ಳಿರಿ. ಮಲಗುವಾಗ ಕಟ್ಟನ್ನು ಬಿಚ್ಚಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರವಾಗಿಡಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನಿನಂಥ ಮಾತ್ರೆಗಳನ್ನು ಬಸುರಿಯರೂ ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ರೋಗವುಳ್ಳವರೂ ವೈದ್ಯರನ್ನು ಕೇಳದೆ ನುಂಗಬಾರದು.

ಹಾಗಾದರೆ ಗುಣವಾಗುವ ತನಕ ಮಲಗಿಕೊಂಡಿರಬೇಕೋ? ಬೇಡ. ಎರಡು ಮೂರು ದಿವಸಗಳಾದ ಮೇಲೆ ನೋವು ತಾಳುವಷ್ಟು ಕೀಲನ್ನು ಆಡಿಸಬೇಕು. ಕುಳಿತುಕೊಂಡು ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಎಂದು ವರ್ಣಮಾಲೆಯನ್ನು ಬರೆಯಿರಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡರೆ ಅವರ ಪಾಠವೂ ಆಗುವದು. ಕೋಲನ್ನು ಒಳ್ಳೇ ಕಾಲಿನ ಕಡೆಯ ಕೈಯಲ್ಲಿ ಹಿಡಿದು ನಡೆಯಿರಿ. ನೋವು ತಗ್ಗಿದ ಮೇಲೆ ಗೋಡೆಯ ಹತ್ತಿರ ಉಳುಕಿದ ಕಾಲೊಂದರ ಮೇಲೆಯೇ ಅರ್ಧ ನಿಮಿಷ ನಿಲ್ಲುವ ಅಭ್ಯಾಸವನ್ನು ದಿನಾಲು ಕೆಲವು ವಾರ ಮಾಡಬೇಕು. ಯಾಕಂದರೆ ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವದಕ್ಕೆ ಸಮತೋಲವು ಕೆಡುವದು ಒಂದು ದೊಡ್ಡ ಕಾರಣ. ಹಗುರವಾದ ಉಳುಕು ಒಂದರಿಂದ ಮೂರು ವಾರಗಳಲ್ಲಿ ವಾಸಿಯಾಗುವದು. ಕಟ್ಟು ಪೂರ್ತಿಯಾಗಿ ಹರಿದಿದ್ದರೆ ಮೂರು ತಿಂಗಳಾದರೂ ಹಿಡಿದೀತು. ಒಂದು ವಾರವಾದರೂ ಕಾಲೂರಲಾಗದಿದ್ದರೆ ಮನೆಯ ಉಪಚಾರವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿರಿ.